ದೊಡ್ಡ ಚಕ್ರದ ಎಂಟಿಬಿ ಜೋಡಿಸುವುದು ಹೇಗೆ? ಲೆಕ್ಕ ಶುರುವಾಗುವುದು ಚಕ್ರದಿಂದ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಡಿಭಾಗಗಳಿಗೂ ಅದೇ ದರ. ಅಂಗಡಿಯಲ್ಲಿ ನಿಲ್ಲಿಸಿಟ್ಟ ಸೈಕಲನ್ನು ಹಾಗೇ ತರುವ ಬದಲು, ಫ್ರೇಮ್ ಒಂದು ಕಡೆ, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಇನ್ನೊಂದು ಕಡೆ ಕೊಂಡು ತಮಗೆ ಬೇಕಾದಂತೆ ಜೋಡಿಸಿಕೊಳ್ಳುವ ಆಸೆ ಇದ್ದವರಿಗೆ ಇದು ಮತ್ತೆ ಪೆನ್ನು ಕಾಗದ ಹಿಡಿಯುವ ಹೊತ್ತು. ಅದರಲ್ಲೂ 29 ಇಂಚಿನ ಚಕ್ರದ ಕ್ರಾಸ್ ಕಂಟ್ರಿ ಎಂಟಿಬಿ, ಅಂದರೆ ಮೌಂಟನ್ ಬೈಕ್ ಬಗ್ಗೆ ಹೊಸಬರಿಗೆ ಗೊಂದಲ ಜಾಸ್ತಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೆರಿಗೆ ಇಳಿದರೂ ಬಿಡಿಬಿಡಿಯಾಗಿ ಕೊಂಡು ಜೋಡಿಸಿದರೆ ದುಡ್ಡು ಉಳಿಯುವುದು ಅಪರೂಪ. ಸೈಕಲ್ ಕಂಪನಿಗಳು ಗೇರು, ಬ್ರೇಕುಗಳನ್ನು ಸಾವಿರಗಟ್ಟಲೆ ಸಗಟಿಗೆ ಕೊಳ್ಳುತ್ತವೆ. ನಾವು ಒಂದೊಂದೇ ಕೊಳ್ಳುತ್ತೇವೆ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಬೇರೆ. ಹಾಗಾದರೆ ಈ ಉಸಾಬರಿ ಯಾಕೆ? ನಮ್ಮ ಎತ್ತರಕ್ಕೆ, ನಾವು ಓಡಿಸುವ ದಾರಿಗೆ ತಕ್ಕ ಸೈಕಲ್ ಸಿಗುತ್ತದೆ. ಎಲ್ಲಿ ದುಡ್ಡು ಸುರಿಯಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಎನ್ನುವುದು ನಮ್ಮ ಕೈಯಲ್ಲಿರುತ್ತದೆ. ಕಾಡಿನ ದಾರಿಯ ನಡುವೆ ಏನಾದರೂ ಕೆಟ್ಟರೆ ಯಾವ ಬೋಲ್ಟ್ ಎಲ್ಲಿದೆ ಎಂದು ಗೊತ್ತಿರುತ್ತದೆ.

ಕ್ರಾಸ್ ಕಂಟ್ರಿ ಎಂದರೆ ಏರು, ಇಳಿಜಾರು, ಕಲ್ಲು, ಬೇರು ಎಲ್ಲವನ್ನೂ ಪೆಡಲ್ ತುಳಿದೇ ದಾಟುವ ಬಗೆ. ಗುಡ್ಡದ ತುದಿಗೆ ಜೀಪಿನಲ್ಲಿ ಹೋಗಿ ಕೆಳಗೆ ಧುಮುಕುವ ಡೌನ್‌ಹಿಲ್ ಇದಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಆಟ. 2023ರ ಅಕ್ಟೋಬರ್‌ನಲ್ಲಿ ಪಕ್ಕದ ಕೇರಳದ ಪೊನ್ಮುಡಿಯಲ್ಲಿ ಏಷ್ಯನ್ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದಾಗ ನಮ್ಮವರೂ ಹೋಗಿ ನೋಡಿ ಬಂದರು. ಈ ಬಗೆಯ ಸೈಕಲ್ ಹಗುರವಾಗಿರಬೇಕು, ಏರು ಹತ್ತಬೇಕು, ಕಲ್ಲಿನ ಮೇಲೆ ಕೈ ಬಿಡಬಾರದು. ಈ ಲೇಖನದ ಉದಾಹರಣೆ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್. ಮೊದಲ ಸಲ ಜೋಡಿಸುವವರಿಗೆ ಇದೇ ಸುಲಭ.

29 ಎನ್ನುವುದು ಯಾವುದರ ಅಳತೆ?

ರಿಮ್ಮಿನದ್ದಲ್ಲ. ದಪ್ಪ ಟೈರ್ ಹಾಕಿ ಗಾಳಿ ಹೊಡೆದ ಮೇಲೆ ಇಡೀ ಚಕ್ರದ ಅಡ್ಡಳತೆ ಸುಮಾರು 29 ಇಂಚು ಬರುತ್ತದೆ, ಅಷ್ಟೇ. ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ಜಾಗದ ಅಡ್ಡಳತೆ 622 ಮಿ.ಮೀ. ರಸ್ತೆ ರೇಸಿನ 700ಸಿ ಸೈಕಲ್ಲಿಗೂ ಇದೇ 622. ಹಳೆಯ 26 ಇಂಚಿನ ಎಂಟಿಬಿಗೆ 559, ನಡುವಿನ 27.5ಕ್ಕೆ 584. ಹಳ್ಳಿಗಳಲ್ಲಿ ಹಾಲಿನ ಕ್ಯಾನ್ ತೂಗುಹಾಕಿಕೊಂಡು ಓಡಾಡುವ ಕರಿ ಸೈಕಲ್ಲಿನ 28×1½ ಟೈರಿಗೆ ಬೇಕಾದ ರಿಮ್ಮು 635 ಮಿ.ಮೀ! ಹೆಸರಿಗೆ 28, ರಿಮ್ಮು ಮಾತ್ರ 29ರದ್ದಕ್ಕಿಂತ ದೊಡ್ಡದು. ಹಾಗಾಗಿ ಟೈರ್ ಕೊಳ್ಳುವಾಗ ಇಂಚು ನೋಡಬೇಡಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 57-622 ಎಂಬಂಥ ಬರಹ ಇರುತ್ತದೆ. 57 ಎನ್ನುವುದು ಟೈರಿನ ದಪ್ಪ, 622 ರಿಮ್ಮಿನ ಅಳತೆ. ನಂಬಬೇಕಾದ್ದು ಅದನ್ನು.

ಮೊದಲು ಎಂಟಿಬಿಗೆ 26 ಇಂಚು ಯಾಕೆ ಬಂತು? ಯಾರೂ ಪರೀಕ್ಷೆ ಮಾಡಿ ಆರಿಸಿದ್ದಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಟಮಾಲ್‌ಪೈಸ್ ಬೆಟ್ಟದ ಮಣ್ಣುದಾರಿಯಲ್ಲಿ ಇಳಿಯಲು ಹಳೆಯ ಶ್ವಿನ್ ಸೈಕಲ್‌ಗಳನ್ನು ಹಿಡಿದರು. ಅವುಗಳಿಗೆ ಇದ್ದದ್ದು 26 ಇಂಚಿನ ದಪ್ಪ ಟೈರು. ಅದೇ ರೂಢಿಯಾಯಿತು. 622ರ ರಿಮ್ಮಿಗೆ ನಿಜವಾದ ಎಂಟಿಬಿ ಟೈರ್ ಬಂದದ್ದು 1999ರಲ್ಲಿ, ಡಬ್ಲ್ಯುಟಿಬಿ ಕಂಪನಿಯ ನ್ಯಾನೋರ್ಯಾಪ್ಟರ್. ಆಮೇಲೂ ಬಹಳ ಮಂದಿ ನಕ್ಕರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್‌ಹಾವಿ 29ರ ಮೇಲೆ, ಸ್ವಿಟ್ಜರ್ಲೆಂಡಿನ ನೀನೋ ಶುರ್ಟರ್ 27.5ರ ಮೇಲೆ ಕೊನೆಯವರೆಗೂ ಜಿದ್ದಿಗೆ ಬಿದ್ದರು. ಕುಲ್‌ಹಾವಿ ಗೆದ್ದದ್ದು ಒಂದೇ ಸೆಕೆಂಡಿನಿಂದ. ಅಲ್ಲಿಂದಾಚೆ ಈ ಆಟದಲ್ಲಿ 26ರ ಮಾತು ಮುಗಿಯಿತು.

2025ರಲ್ಲಿ 32 ಇಂಚಿನ ಚಕ್ರದ ಪ್ರಯೋಗಗಳೂ ಕಾಣಿಸಿಕೊಂಡವು. ಅದರ ರಿಮ್ಮು 686 ಮಿ.ಮೀ. ಅದಕ್ಕೆ ಕಾಯಬೇಕಾ ಎಂದು ಕೇಳಿದರೆ, ನನ್ನ ಲೆಕ್ಕದಲ್ಲಿ ಬೇಡ. ಫ್ರೇಮು, ಫೋರ್ಕು, ಟೈರು ಮೂರೂ ಬೇರೆಯೇ ಬೇಕು. ಟೈರ್ ಹರಿದರೆ ಬದಲಿ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಚಕ್ರ ದೊಡ್ಡದಾದರೆ ಏನು ಬದಲಾಗುತ್ತದೆ?

ನಮ್ಮ ಫುಟ್‌ಪಾತಿನ ಮೇಲೆ ಸೂಟ್‌ಕೇಸ್ ಎಳೆದುಕೊಂಡು ಹೋಗಿ ನೋಡಿ. ಅದರ ಪುಟ್ಟ ಗಾಲಿ ಪ್ರತಿ ಸಂದಿಗೂ ಸಿಕ್ಕಿಕೊಳ್ಳುತ್ತದೆ. ಅದೇ ಸಂದಿಯ ಮೇಲೆ ಎತ್ತಿನ ಗಾಡಿ ಸದ್ದೇ ಇಲ್ಲದೆ ಹಾದುಹೋಗುತ್ತದೆ. ಚಕ್ರ ದೊಡ್ಡದಾದಷ್ಟೂ ಅದು ಕಲ್ಲನ್ನು ಮುಟ್ಟುವ ಕೋನ ತಗ್ಗುತ್ತದೆ, ಗುಂಡಿಯೊಳಗೆ ಇಳಿಯುವುದೂ ಕಡಿಮೆಯಾಗುತ್ತದೆ.

ಆದರೆ ಉತ್ಪ್ರೇಕ್ಷೆ ಬೇಡ. 10 ಸೆಂ.ಮೀ ಎತ್ತರದ ಕಲ್ಲಿಗೆ ಲೆಕ್ಕ ಹಾಕಿದರೆ 26ರ ಚಕ್ರ ಸುಮಾರು 46 ಡಿಗ್ರಿಯಲ್ಲಿ ಮುಟ್ಟುತ್ತದೆ, 29ರದ್ದು ಸುಮಾರು 43ರಲ್ಲಿ. ಎರಡು ಮೂರು ಡಿಗ್ರಿ, ಅಷ್ಟೇ ವ್ಯತ್ಯಾಸ. ಒಂದು ಕಲ್ಲಿಗೆ ಇದು ಏನೂ ಅಲ್ಲ. ಬೆಂಗಳೂರಿನ ತುರಹಳ್ಳಿಯಂಥ ಬಂಡೆಗಲ್ಲಿನ ಜಾಗದಲ್ಲಿ ಒಂದರ ಹಿಂದೊಂದು ಕಲ್ಲು ಬರುತ್ತಲೇ ಇದ್ದಾಗ ಕೈಗೂ ಸೊಂಟಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ಲಾಭದ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. 29ರಲ್ಲಿ ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು, ನೆಲದಿಂದ ಸುಮಾರು 37 ಸೆಂ.ಮೀ ಎತ್ತರದಲ್ಲಿರುತ್ತದೆ. ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ ಇರುವುದು 31 ಸೆಂ.ಮೀ ಆಸುಪಾಸಿನಲ್ಲಿ. ಹೀಗಾಗಿ ನಮ್ಮ ಭಾರ ಚಕ್ರಗಳ ಮೇಲೆ ಅಲ್ಲ, ಚಕ್ರಗಳ ನಡುವೆ ಕೂತಂತಾಗುತ್ತದೆ. ಇಳಿಜಾರಿನಲ್ಲಿ ಮುಗ್ಗರಿಸುವ ಭಯ ಕಡಿಮೆಯಾಗುವುದು ಇದರಿಂದ.

ನಷ್ಟಗಳೂ ಇವೆ. 622 ಎನ್ನುವುದು 559ಕ್ಕಿಂತ ಶೇ 11ರಷ್ಟು ದೊಡ್ಡದು. ರಿಮ್ಮು, ಟೈರು, ಕಡ್ಡಿ ಎಲ್ಲವೂ ಅಷ್ಟು ಉದ್ದ, ಅಷ್ಟು ತೂಕ. ಅದೂ ಸುತ್ತುವ ತೂಕ, ಅದೂ ಹೊರ ಅಂಚಿನಲ್ಲಿ. ನಿಂತಲ್ಲಿಂದ ವೇಗ ಪಡೆಯುವಾಗ ಅಂಚಿನ ತೂಕ ಫ್ರೇಮಿನ ತೂಕಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕಾಡುತ್ತದೆ. ಚಕ್ರ ಪಕ್ಕಕ್ಕೆ ಬಾಗುವುದೂ ಜಾಸ್ತಿ. ಸ್ಟೀರಿಂಗ್ ನಿಧಾನ. ಏರಿನಲ್ಲಿ ಗೇರು ಭಾರ. ಸೈಕಲ್ ಜೋಡಿಸುವುದು ಎಂದರೆ ಬಹುಪಾಲು ಈ ನಷ್ಟಗಳನ್ನು ಒಂದೊಂದಾಗಿ ತುಂಬಿಕೊಳ್ಳುವ ಕೆಲಸ. ಯಾವ ಭಾಗ ಯಾಕೆ ಹಾಗಿದೆ ಎಂಬುದು ಹೀಗೆ ನೋಡಿದರೆ ಅರ್ಥವಾಗುತ್ತದೆ.

ಫ್ರೇಮು, ಫೋರ್ಕು: ಸ್ಟೀರಿಂಗಿನ ಲೆಕ್ಕ

ಹ್ಯಾಂಡಲ್ ತಿರುಗುವ ಓರೆ ಗೆರೆಯನ್ನು ನೆಲದವರೆಗೆ ಎಳೆಯಿರಿ. ಚಕ್ರ ನೆಲ ಮುಟ್ಟುವ ಬಿಂದು ಆ ಗೆರೆಗಿಂತ ಸ್ವಲ್ಪ ಹಿಂದಿರುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಟ್ರೇಲ್ ಜಾಸ್ತಿ ಇದ್ದರೆ ಸೈಕಲ್ ನೇರವಾಗಿ ಓಡುತ್ತದೆ, ತಿರುಗಿಸಲು ಮೊಂಡಾಗುತ್ತದೆ. ಕಡಿಮೆ ಇದ್ದರೆ ಚುರುಕು, ಆದರೆ ಅಲ್ಲಾಡುತ್ತದೆ.

ಒಂದು ಉದಾಹರಣೆ. ಹೆಡ್ ಟ್ಯೂಬಿನ (ಫ್ರೇಮಿನ ಮುಂದೆ ಫೋರ್ಕ್ ತೂರುವ ಕೊಳವೆ) ಕೋನ 68 ಡಿಗ್ರಿ, ಫೋರ್ಕಿನ ಆಫ್‌ಸೆಟ್ 44 ಮಿ.ಮೀ ಇದೆ ಅನ್ನಿ. ಆಫ್‌ಸೆಟ್ ಎಂದರೆ ಆಕ್ಸಲ್ ಆ ಓರೆ ಗೆರೆಗಿಂತ ಎಷ್ಟು ಮುಂದಿದೆ ಎಂಬ ಅಳತೆ. ಇಲ್ಲಿ 26ರ ಚಕ್ರ ಹಾಕಿದರೆ ಟ್ರೇಲ್ ಸುಮಾರು 87 ಮಿ.ಮೀ, 29ರದ್ದು ಹಾಕಿದರೆ ಸುಮಾರು 101. ಚಕ್ರ ಬದಲಾಯಿಸಿದ್ದಕ್ಕೇ 14 ಮಿ.ಮೀ ಏರಿತು. ಮೊದಮೊದಲ 29ಗಳು ತಿರುವಿನಲ್ಲಿ ಲಾರಿಯ ಹಾಗೆ ಎಂದು ಬೈಸಿಕೊಂಡದ್ದು ಇದರಿಂದಲೇ. ಗ್ಯಾರಿ ಫಿಶರ್ ಹೆಸರಿನ ಸೈಕಲ್‌ಗಳು ಆಫ್‌ಸೆಟ್ಟನ್ನು 51 ಮಿ.ಮೀಗೆ ಏರಿಸಿದವು. ಇದೇ ಲೆಕ್ಕದಲ್ಲಿ ಟ್ರೇಲ್ 94ರ ಹತ್ತಿರಕ್ಕೆ ಇಳಿಯುತ್ತದೆ.

ಈಗ ಅಂಗಡಿಯಲ್ಲಿ 44 ಮತ್ತು 51 ಎರಡೂ ಬಗೆಯ ಫೋರ್ಕ್ ಸಿಗುತ್ತವೆ. ಯಾವುದು ಕೊಳ್ಳಬೇಕು ಎನ್ನುವುದನ್ನು ಫ್ರೇಮ್ ಹೇಳಬೇಕು, ಆಫರ್ ಅಲ್ಲ. ಫ್ರೇಮ್ ಮಾಡಿದವರು ಒಂದು ಆಫ್‌ಸೆಟ್ ಮನಸ್ಸಿನಲ್ಲಿಟ್ಟು ಕೋನ ಇಟ್ಟಿರುತ್ತಾರೆ. ಫೋರ್ಕ್ ಎಷ್ಟು ಕುಗ್ಗುತ್ತದೆ ಎಂಬುದೂ ಹಾಗೆಯೇ. ಕ್ರಾಸ್ ಕಂಟ್ರಿ ಫ್ರೇಮಿಗೆ 100ರಿಂದ 120 ಮಿ.ಮೀ ಸಾಕು. 100ಕ್ಕೆ ಮಾಡಿದ ಫ್ರೇಮಿಗೆ 140ರದ್ದು ತುರುಕಿದರೆ ಮುಂಭಾಗ ಮೇಲೆದ್ದು, ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡುತ್ತದೆ. ಫ್ರೇಮಿನ ವಾರಂಟಿಯೂ ಹೋಗಬಹುದು.

ಕುಳ್ಳಗಿರುವವರಿಗೆ ಒಂದು ಎಚ್ಚರಿಕೆ. ದೊಡ್ಡ ಚಕ್ರ, ಅದರ ಮೇಲೆ ಉದ್ದ ಫೋರ್ಕ್ ಸೇರಿ ಹ್ಯಾಂಡಲ್ ಎದೆ ಮಟ್ಟಕ್ಕೆ ಬಂದುಬಿಡುತ್ತದೆ. ಚಪ್ಪಟೆ ಹ್ಯಾಂಡಲ್ ಬಾರು, ಕೆಳಮುಖವಾಗಿ ತಿರುಗಿಸಿದ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಹಿಡಿಸುವ ತುಂಡು) ಹಾಕಿ ಸ್ವಲ್ಪ ಇಳಿಸಬಹುದು. ಅದಕ್ಕೂ ಮೊದಲು ಫ್ರೇಮಿನ ಅಳತೆ ಪಟ್ಟಿಯಲ್ಲಿ ಹೆಡ್ ಟ್ಯೂಬ್ ಗಿಡ್ಡಗಿರುವುದನ್ನು ಆರಿಸಿ.

ಫ್ರೇಮ್ ಯಾವ ಲೋಹದ್ದು ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಅಲ್ಯೂಮಿನಿಯಂ ಅಗ್ಗ, ಹಗುರ. ಸ್ಟೀಲ್ ತೂಕ, ಆದರೆ ಮೆತ್ತಗೆ ಓಡುತ್ತದೆ. ಕಾರ್ಬನ್ ಹಗುರ, ದುಬಾರಿ, ಕಲ್ಲಿಗೆ ಬಡಿದರೆ ಒಳಗಿನ ಬಿರುಕು ಕಾಣುವುದಿಲ್ಲ. ಟೈಟಾನಿಯಂ ಬಗ್ಗೆ ಬ್ಯಾಂಕ್ ಪಾಸ್‌ಬುಕ್ ನೋಡಿ ಮಾತಾಡೋಣ.

ಹಬ್ಬು ಯಾಕೆ ಅಗಲವಾಯಿತು?

ಈ ಸೈಕಲ್ಲಿನಲ್ಲಿ ನನಗೆ ತುಂಬ ಇಷ್ಟವಾದ ಲೆಕ್ಕ ಇದು. ಚಕ್ರವನ್ನು ಎದುರಿನಿಂದ ನೋಡಿದರೆ ಕಡ್ಡಿಗಳು ಚಕ್ರದ ನಡುವಿನ ಹಬ್ಬಿನ ಎರಡು ಬದಿಯಿಂದ ರಿಮ್ಮಿನ ಕಡೆ ಓರೆಯಾಗಿ ಹೋಗಿರುತ್ತವೆ. ಆ ಓರೆಯೇ ಚಕ್ರ ಪಕ್ಕಕ್ಕೆ ಬಾಗದಂತೆ ಹಿಡಿಯುವುದು. 26ರ ಚಕ್ರದಲ್ಲಿ ಕಡ್ಡಿ ಸುಮಾರು 265 ಮಿ.ಮೀ ಉದ್ದ, ಹಬ್ಬಿನ ನಡುವಿನಿಂದ ಅಂಚಿಗೆ 30 ಮಿ.ಮೀ ಎಂದು ಇಟ್ಟುಕೊಳ್ಳಿ. ಓರೆ ಸುಮಾರು 6.5 ಡಿಗ್ರಿ. ಹಬ್ಬು ಅದೇ ಇಟ್ಟು 29ಕ್ಕೆ ಹೋದರೆ ಕಡ್ಡಿ 295ರ ಆಸುಪಾಸು, ಓರೆ 5.8ಕ್ಕೆ ಇಳಿಯುತ್ತದೆ. ಚಕ್ರ ಮೆತ್ತಗಾಗುತ್ತದೆ.

ಹಬ್ಬಿನ ಅಂಚನ್ನು ಪ್ರತಿ ಬದಿಗೂ 3 ಮಿ.ಮೀ ಹೊರಗೆ ಸರಿಸಿದರೆ? ಓರೆ ಮತ್ತೆ 6.4ರ ಹತ್ತಿರ. ಕಳೆದುಕೊಂಡದ್ದು ವಾಪಸ್ ಬಂತು. ಬೂಸ್ಟ್ ಎಂದು ಕರೆಯುವ ಹಬ್ಬು ಮಾಡುವ ಕೆಲಸ ಇದೇ. ಹಿಂದಿನ ಹಬ್ಬು 142 ಇದ್ದದ್ದು 148 ಮಿ.ಮೀ ಆಯಿತು, ಮುಂದಿನದು 100 ಇದ್ದದ್ದು 110. ಹಿಂದೆ 12 ಮಿ.ಮೀ, ಮುಂದೆ 15 ಮಿ.ಮೀ ದಪ್ಪದ ಥ್ರೂ ಆಕ್ಸಲ್ ತೂರಿ ಬಿಗಿಯುತ್ತದೆ.

ಹಿಂದಿನ ಹಬ್ಬು ಅಗಲವಾದ ಕೂಡಲೇ ಗೇರಿನ ಹಲ್ಲುಗಳೂ 3 ಮಿ.ಮೀ ಹೊರಗೆ ಹೋದವು. ಪೆಡಲ್ ಹತ್ತಿರದ ಹಲ್ಲುಚಕ್ರ, ಅಂದರೆ ಚೈನ್‌ರಿಂಗ್, ಹಳೆಯ ಜಾಗದಲ್ಲೇ ಇದ್ದರೆ ಚೈನ್ ಓರೆಯಾಗಿ ಎಳೆಯುತ್ತದೆ. ಅದಕ್ಕೆ ಚೈನ್‌ರಿಂಗನ್ನೂ 3 ಮಿ.ಮೀ ಹೊರಗೆ ತಂದರು. ಸ್ರ್ಯಾಮ್ ಕಂಪನಿಯ ಕ್ರ್ಯಾಂಕಿನ (ಪೆಡಲ್ ತೋಳಿನ) ಚೈನ್‌ರಿಂಗ್ ಕೊಳ್ಳುವಾಗ 6 ಮಿ.ಮೀ ಆಫ್‌ಸೆಟ್, 3 ಮಿ.ಮೀ ಆಫ್‌ಸೆಟ್ ಎಂದು ಎರಡು ಕಾಣುತ್ತವೆ ಅಲ್ವಾ? ಬೂಸ್ಟ್ ಫ್ರೇಮಿಗೆ ಬೇಕಾದ್ದು 3ರದ್ದು. ಚಕ್ರ ದೊಡ್ಡದಾದದ್ದಕ್ಕೆ ಪೆಡಲ್ ಹತ್ತಿರದ ಚಕ್ರಹಲ್ಲೂ ಜಾಗ ಬದಲಿಸಬೇಕಾಯಿತು ನೋಡಿ!

ರಿಮ್ಮಿನ ಒಳ ಅಗಲ 25ರಿಂದ 30 ಮಿ.ಮೀ ಇರಲಿ. 2.2ರಿಂದ 2.4 ಇಂಚಿನ ಟೈರ್ ಚೆನ್ನಾಗಿ ಕೂರುತ್ತದೆ. ಕಡ್ಡಿ 28 ಸಾಕು. ಭಾರಿ ಆಳಾದರೆ 32 ಹಾಕಿ. ನಡುವೆ ತೆಳ್ಳಗೆ, ಎರಡು ತುದಿಯಲ್ಲಿ ದಪ್ಪಗೆ ಇರುವ ಬಟೆಡ್ ಕಡ್ಡಿ ಮುರಿಯುವುದು ಕಡಿಮೆ. ಹಿಂದಿನ ಚಕ್ರದಲ್ಲಿ ಎಡ, ಬಲದ ಕಡ್ಡಿಗಳ ಉದ್ದ ಒಂದೆರಡು ಮಿ.ಮೀ ಬೇರೆ ಇರಬಹುದು. ಎಷ್ಟು ಎನ್ನುವುದು ಆ ಹಬ್ಬು, ಆ ರಿಮ್ಮಿನ ಜೋಡಿಗೇ ಸೀಮಿತ. ಕಡ್ಡಿ ಕಂಪನಿಗಳ ಕ್ಯಾಲ್ಕುಲೇಟರಿನಲ್ಲಿ ಅಳತೆ ಹಾಕಿ ತೆಗೆಯಬೇಕು. ಓಣಿಯ ಸೈಕಲ್ ಶಾಪಿನಲ್ಲಿ ಈ ಉದ್ದ ಸಿಗುವುದು ಕಷ್ಟ. ಪ್ರತಿ ಅಳತೆಯಲ್ಲೂ ಎರಡೆರಡು ಜಾಸ್ತಿ ತರಿಸಿಟ್ಟುಕೊಳ್ಳಿ.

ರಿಮ್ ಕಟ್ಟುವ ಕೆಲಸ ಮಾತ್ರ ಪಳಗಿದ ಕೈಗೆ ಕೊಡುವುದೇ ಸರಿ. ಅವರು ಬೆಂಡ್ ತೆಗೆಯುವುದನ್ನು ಪಕ್ಕದಲ್ಲಿ ನಿಂತು ನೋಡಿ. ರಿಮ್ಮು ಸ್ಟ್ಯಾಂಡಿನಲ್ಲಿ ಸುತ್ತುತ್ತದೆ, ಅಂಚು ಎಲ್ಲಿ ತಗಲುತ್ತದೋ ಅಲ್ಲಿ ಕಡ್ಡಿ ತುದಿಯ ನಿಪ್ಪಲ್ಲಿಗೆ ಕಾಲು ಸುತ್ತು. ನಡುನಡುವೆ ಒಂದೇ ಬದಿಯ ಕಡ್ಡಿಗಳನ್ನು ಬೆರಳಿನಿಂದ ಮೀಟುತ್ತಾ ಹೋಗುತ್ತಾರೆ. ಎಲ್ಲಕ್ಕೂ ಒಂದೇ ಸದ್ದು ಬಂದರೆ ಎಳೆತ ಸಮ. ಒಂದು ಮಂದವಾಗಿ ನುಡಿದರೆ ಅದು ಸಡಿಲ. ಆಮೇಲೆ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಮುಷ್ಟಿಯಲ್ಲಿ ಹಿಡಿದು ಹಿಸುಕುತ್ತಾರೆ. ಟಿಕ್ ಟಿಕ್ ಎಂದು ತಿರುಚಿಕೊಂಡಿದ್ದ ಕಡ್ಡಿಗಳು ಸಡಿಲಗೊಳ್ಳುತ್ತವೆ, ರಿಮ್ಮು ಮತ್ತೆ ಸ್ವಲ್ಪ ಬೆಂಡಾಗುತ್ತದೆ, ಮತ್ತೆ ತೆಗೆಯುತ್ತಾರೆ. ಈ ಹಿಸುಕುವ ಕೆಲಸ ಬಿಟ್ಟವರ ಚಕ್ರ ಮೊದಲ ಸವಾರಿಯಲ್ಲೇ ಬೆಂಡಾಗುತ್ತದೆ.

ಗೇರು: ಎಷ್ಟು ಸ್ಪೀಡ್ ಎಂದು ಕೇಳಬೇಡಿ

29ರ ಚಕ್ರ ಒಂದು ಸುತ್ತು ಉರುಳಿದರೆ ಸುಮಾರು 2.3 ಮೀಟರ್. 26ರದ್ದು 2.07. ಅಂದರೆ ಅದೇ ಗೇರಿನಲ್ಲಿ ಪ್ರತಿ ತುಳಿತಕ್ಕೂ ಶೇ 11ರಷ್ಟು ಹೆಚ್ಚು ದೂರ ಎಳೆಯುತ್ತೀರಿ. ಸಮತಟ್ಟಿನಲ್ಲಿ ಖುಷಿ, ಏರಿನಲ್ಲಿ ಉಬ್ಬಸ.

ಈಗ ಮುಂದೆ ಒಂದೇ ಚೈನ್‌ರಿಂಗ್ ಇರುವುದು ವಾಡಿಕೆ. ಹಿಂದೆ 10ರಿಂದ 51 ಹಲ್ಲಿನ 12 ಸ್ಪೀಡ್ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು. ಮುಂದೆ 32 ಹಲ್ಲು ಹಾಕಿದರೆ ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ 1.44 ಮೀಟರ್ ಮುಂದೆ ಹೋಗುತ್ತೀರಿ. 30 ಹಲ್ಲು ಹಾಕಿದರೆ 1.35 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಹೆಚ್ಚುಕಡಿಮೆ 5 ಕಿ.ಮೀ, ನಡಿಗೆಯ ವೇಗ. ಸಕಲೇಶಪುರ, ಕೊಡಗಿನ ತೋಟದ ದಾರಿಗಳಲ್ಲಿ ಏರು ಕಡಿದಾದಾಗ ಈ 9 ಸೆಂ.ಮೀ ವ್ಯತ್ಯಾಸವೇ ತುಳಿಯುವುದೋ ಇಳಿದು ತಳ್ಳುವುದೋ ಎಂದು ತೀರ್ಮಾನಿಸುತ್ತದೆ. ಇಳಿಜಾರಿನಲ್ಲಿ ಕಳೆದುಕೊಳ್ಳುವುದು ಏನು? 10 ಹಲ್ಲಿನ ಮೇಲೆ ನಿಮಿಷಕ್ಕೆ 90 ಸುತ್ತು ತುಳಿದರೆ 32ಕ್ಕೆ ಗಂಟೆಗೆ 40 ಕಿ.ಮೀ ಹತ್ತಿರ, 30ಕ್ಕೆ 37. ರೇಸಿಗೆ ಇಳಿಯದವರು ಸುಮ್ನೆ 30 ಹಾಕಿ.

12 ಸ್ಪೀಡ್ ಬೇಕೇ ಬೇಕು ಎಂದೇನಿಲ್ಲ. ಮೈಕ್ರೋಶಿಫ್ಟ್ ಕಂಪನಿಯ ಅಡ್ವೆಂಟ್ ಎಕ್ಸ್ 10 ಸ್ಪೀಡಿನದು, 11ರಿಂದ 48 ಹಲ್ಲು. 30-48 ಜೋಡಿ ಹೆಚ್ಚುಕಡಿಮೆ 32-51ಕ್ಕೆ ಸಮ. 2023ರಲ್ಲಿ ಬಂದ ಶಿಮಾನೊ ಕ್ಯೂಸ್ ಸರಣಿಯಲ್ಲಿ 11 ಸ್ಪೀಡಿಗೆ 11-50 ಕ್ಯಾಸೆಟ್ ಇದೆ, ಹಲ್ಲುಗಳು ದಪ್ಪ, ಸವೆಯುವುದು ನಿಧಾನ. ಕೆಂಪು ಧೂಳಿನಲ್ಲಿ ಓಡಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಇವೆರಡಕ್ಕೂ ಇನ್ನೊಂದು ಅನುಕೂಲ ಇದೆ. ಕ್ಯಾಸೆಟ್ ಕೂರುವ ಹಬ್ಬಿನ ಭಾಗಕ್ಕೆ ಫ್ರೀಹಬ್ ಎನ್ನುತ್ತಾರೆ. ಹಳೆಯ ಎಚ್‌ಜಿ ಬಗೆಯ ಫ್ರೀಹಬ್ಬಿನಲ್ಲಿ 11 ಹಲ್ಲಿಗಿಂತ ಚಿಕ್ಕದು ಕೂರುವುದಿಲ್ಲ. 10 ಹಲ್ಲು ಬೇಕಾದರೆ ಶಿಮಾನೊದ ಮೈಕ್ರೋಸ್ಪ್ಲೈನ್ ಅಥವಾ ಸ್ರ್ಯಾಮಿನ ಎಕ್ಸ್‌ಡಿ ಬೇಕು. ಕ್ಯೂಸ್ ಮತ್ತು ಅಡ್ವೆಂಟ್ ಎಕ್ಸ್ ಎಚ್‌ಜಿ ಮೇಲೇ ಕೂರುತ್ತವೆ. ಕ್ಯಾಸೆಟ್ ಯಾವುದು ಎಂದು ತೀರ್ಮಾನವಾಗದೆ ಹಬ್ಬಿಗೆ ದುಡ್ಡು ಕೊಡಬೇಡಿ.

ಕಾಗದದ ಮೇಲೆ ಮೊದಲು ಜೋಡಿಸಿ

ಹೊಸಬರ ದುಡ್ಡು ಹೆಚ್ಚಾಗಿ ಹಾಳಾಗುವುದು ಕೆಟ್ಟ ಭಾಗ ಕೊಂಡಿದ್ದರಿಂದಲ್ಲ. ಒಳ್ಳೆಯ ಎರಡು ಭಾಗ ಒಂದಕ್ಕೊಂದು ಕೂರದೆ ಹೋಗುವುದರಿಂದ. ಫ್ರೇಮ್ ಆರಿಸಿದ ಕೂಡಲೇ ಅದರ ಎಲ್ಲ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ.

ಹೆಡ್ ಟ್ಯೂಬಿಗೆ ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) ಯಾವುದು? ಮೇಲೆ 44, ಕೆಳಗೆ 56 ಮಿ.ಮೀ ಇರುವುದು ತುಂಬ ಕಾಣುತ್ತದೆ. ಅದಕ್ಕೆ ಕೆಳಗೆ ದಪ್ಪ, ಮೇಲೆ ಸಣ್ಣ ಇರುವ ಟೇಪರ್ಡ್ ಫೋರ್ಕ್ ಬೇಕು. ಬಾಟಮ್ ಬ್ರಾಕೆಟ್ 73 ಮಿ.ಮೀ ಥ್ರೆಡ್ ಇರುವುದಾದರೆ ನಿಮ್ಮ ಪುಣ್ಯ, ಯಾವ ಮೆಕ್ಯಾನಿಕ್ ಆದರೂ ಬಿಚ್ಚಿ ಹಾಕುತ್ತಾನೆ. ಒತ್ತಿ ಕೂರಿಸುವ ಪ್ರೆಸ್‌ಫಿಟ್ ಆದರೆ ಬೇರೆ ಟೂಲ್ ಬೇಕು, ಧೂಳು ಸೇರಿ ಕಿರಿಕಿರಿ ಸದ್ದು ಬರುವುದೂ ಉಂಟು. ಸೀಟ್ ಪೋಸ್ಟ್ 27.2, 30.9, 31.6 ಎಂದು ಮೂರು ಸಾಮಾನ್ಯ ಅಳತೆ. ಹತ್ತಿರ ಹತ್ತಿರ ಇದೆ ಎಂದು ತಂದರೆ ಆಗುವುದಿಲ್ಲ. ಶಿಮಾನೊ ಶಿಫ್ಟರಿಗೆ (ಹ್ಯಾಂಡಲಿನ ಗೇರ್ ಲಿವರ್) ಸ್ರ್ಯಾಮ್ ಡಿರೈಲರ್ (ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಭಾಗ) ಹೊಂದುವುದಿಲ್ಲ, ಒಂದು ಎಳೆತಕ್ಕೆ ಕೇಬಲ್ ಎಷ್ಟು ಸರಿಯುತ್ತದೆ ಎಂಬುದೇ ಬೇರೆ.

ಡಿರೈಲರ್ ತೂಗುವ ಸಣ್ಣ ಹ್ಯಾಂಗರ್ ತುಂಡನ್ನು ಯಾರೂ ಗಮನಿಸುವುದಿಲ್ಲ. ಕಲ್ಲಿಗೆ ಬಡಿದರೆ ಮೊದಲು ಬಾಗುವುದು ಅದೇ, ಬಾಗಲಿ ಎಂದೇ ಮಾಡಿರುವುದು. ಪ್ರತಿ ಫ್ರೇಮಿಗೂ ಬೇರೆ ಬೇರೆ ಆಕಾರ. 2019ರಲ್ಲಿ ಸ್ರ್ಯಾಮ್ ಯುಡಿಎಚ್ ಎಂಬ ಒಂದೇ ಮಾದರಿ ತಂದ ಮೇಲೆ ಹಲವು ಕಂಪನಿಗಳು ಅದನ್ನೇ ಬಳಸುತ್ತಿವೆ. ನಿಮ್ಮದು ಯುಡಿಎಚ್ ಅಲ್ಲದಿದ್ದರೆ ಫ್ರೇಮಿನ ಜೊತೆಗೇ ಎರಡು ಹ್ಯಾಂಗರ್ ತೆಗೆದುಕೊಳ್ಳಿ. ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಬ್ರೇಕು: ಬಲಗೈಗೆ ಯಾವುದು?

ಹೈಡ್ರಾಲಿಕ್ ಡಿಸ್ಕ್, ಮುಂದೆ 180, ಹಿಂದೆ 160 ಮಿ.ಮೀ ರೋಟರ್ ಸಾಕು. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್, ಸ್ರ್ಯಾಮಿನ ಹಲವು ಬ್ರೇಕುಗಳಿಗೆ ಡಾಟ್ ಫ್ಲೂಯಿಡ್. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲ್ ಹಾಳಾಗುತ್ತದೆ.

ನಮ್ಮಲ್ಲಿ ಮೋಟರ್ ಬೈಕ್ ಓಡಿಸಿದವರಿಗೆ ಬಲಗೈ ಎಂದರೆ ಮುಂದಿನ ಬ್ರೇಕ್. ಅಮೆರಿಕದ ಸೈಕಲ್‌ಗಳಲ್ಲಿ ಎಡಗೈ ಮುಂದಿನದು. ಎಣ್ಣೆ ತುಂಬಿಯೇ ಬರುವ ಬ್ರೇಕ್ ಸೆಟ್ ಅಲ್ಲಿಂದ ತರಿಸಿದರೆ ಎಡ ಲಿವರಿಗೆ ಗಿಡ್ಡ ಪೈಪು, ಬಲಕ್ಕೆ ಉದ್ದ ಪೈಪು ಇರುತ್ತದೆ. ಹಾಗೇ ಹಾಕಿಕೊಂಡರೆ ಗಾಬರಿಯಲ್ಲಿ ಹಿಡಿಯುವ ಕೈ ತಪ್ಪು ಚಕ್ರವನ್ನು ಹಿಡಿಯುತ್ತದೆ. ಕೊಳ್ಳುವ ಮುನ್ನವೇ ಕೇಳಿ.

ಟೈರು ಮತ್ತು ಬಳ್ಳಾರಿ ಜಾಲಿ

ಬಯಲುಸೀಮೆಯ ದಾರಿಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಎಂಥ ಟೈರನ್ನೂ ಬಿಡುವುದಿಲ್ಲ. ಟ್ಯೂಬ್ ಹಾಕಿಕೊಂಡರೆ ದಿನವಿಡೀ ಪ್ಯಾಚ್ ಅಂಟಿಸುತ್ತಾ ಕೂರಬೇಕು. ಅದಕ್ಕೆ ಟ್ಯೂಬ್‌ಲೆಸ್. ರಿಮ್ಮಿನ ತೂತುಗಳಿಗೆ ಟೇಪ್ ಸುತ್ತಿ, ಟೈರಿನೊಳಗೆ ಸೀಲೆಂಟ್ ಎಂಬ ಹಾಲಿನಂಥ ದ್ರವ ಹಾಕುತ್ತಾರೆ. ಮುಳ್ಳು ಚುಚ್ಚಿದರೆ ದ್ರವ ಹೊರನುಗ್ಗಿ ಅಲ್ಲೇ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ವಾಲ್ವ್ ಬಿಚ್ಚಿ ನೋಡಿ, ಬೇಕಿದ್ದರೆ ತುಂಬಿಸಿ.

ಟೈರ್ ಕೂರಿಸುವಾಗ ಅಂಚಿಗೆ ಸೋಪಿನ ನೀರು ಸವರಿ ಒಂದೇ ಸಮನೆ ಜೋರಾಗಿ ಗಾಳಿ ಹೊಡೆಯಬೇಕು. ಠಪ್, ಠಪ್ ಎಂದು ಎರಡು ಸಲ ಸದ್ದು ಬಂದರೆ ಎರಡೂ ಅಂಚು ಕೂತಿವೆ. ಆಮೇಲೆ ಗಾಳಿ ಇಳಿಸಿ. 70 ಕಿಲೋ ಆಸುಪಾಸಿನವರಿಗೆ 2.25 ಟೈರಿನಲ್ಲಿ 20ರಿಂದ 24 ಪಿಎಸ್‌ಐ ಸಾಕು, ಮುಂದಿನದು ಹಿಂದಿನದಕ್ಕಿಂತ ಒಂದೆರಡು ಕಡಿಮೆ. ಕಲ್ಲಿನಂತೆ ಗಾಳಿ ತುಂಬಿಸಿಕೊಂಡು ಓಡುವ ರೂಢಿ ನಮ್ಮಲ್ಲಿ ಇದೆ. ಹಾಗೆ ಮಾಡಿದರೆ ಟೈರ್ ಕಲ್ಲಿನ ಮೇಲೆ ಪುಟಿಯುತ್ತದೆ, ದೊಡ್ಡ ಚಕ್ರಕ್ಕೆ ಕೊಟ್ಟ ದುಡ್ಡು ಅರ್ಧ ನೀರಲ್ಲಿ ಹೋಮ.

ಜೋಡಿಸುವಾಗ

ಕ್ರಮ ಸರಳ: ಹೆಡ್‌ಸೆಟ್ ಮತ್ತು ಫೋರ್ಕ್, ಬಾಟಮ್ ಬ್ರಾಕೆಟ್ ಮತ್ತು ಕ್ರ್ಯಾಂಕ್, ಚಕ್ರ, ಬ್ರೇಕ್, ಡಿರೈಲರ್, ಕೊನೆಗೆ ಚೈನ್ ಮತ್ತು ಕೇಬಲ್. ಸೀಟು, ಗ್ರಿಪ್ಪು ಯಾವಾಗ ಬೇಕಾದರೂ ಹಾಕಿ.

ವಾಪಸ್ ಬರಲಾಗದ ಕೆಲಸ ಒಂದೇ, ಫೋರ್ಕಿನ ಸ್ಟೀರರ್ (ಹೆಡ್ ಟ್ಯೂಬಿನೊಳಗೆ ಹೋಗುವ ಕೊಳವೆ) ಕೊಯ್ಯುವುದು. ಹೆಡ್‌ಸೆಟ್, ಸ್ಪೇಸರ್, ಸ್ಟೆಮ್ ಎಲ್ಲ ಕೂರಿಸಿ, ಸ್ಟೆಮ್ ಮೇಲಂಚಿಗಿಂತ 3 ಮಿ.ಮೀ ಕೆಳಗೆ ಗುರುತು ಹಾಕುತ್ತಾರೆ. ಮೊದಲ ಸಲ ಹಾಗೆ ಮಾಡಬೇಡಿ. 2 ಸೆಂ.ಮೀ ಸ್ಪೇಸರ್ ಹೆಚ್ಚಿಗೆ ಇಟ್ಟು ಕೊಯ್ದು, ಒಂದು ತಿಂಗಳು ಓಡಿಸಿ, ಹ್ಯಾಂಡಲ್ ಎತ್ತರ ಮೈಗೆ ಒಗ್ಗಿದ ಮೇಲೆ ಮತ್ತೆ ಕೊಯ್ಯಿರಿ.

ಎಡಗಡೆಯ ಪೆಡಲ್ ಉಲ್ಟಾ ಥ್ರೆಡ್ ಎಂದು ಸೈಕಲ್ ರಿಪೇರಿ ನೋಡಿದ ಎಲ್ಲರಿಗೂ ಗೊತ್ತು. ಥ್ರೆಡ್ ಇರುವ ಬಾಟಮ್ ಬ್ರಾಕೆಟ್ಟಿನಲ್ಲಿ ಉಲ್ಟಾ ಇರುವುದು ಬಲಗಡೆ, ಚೈನ್ ಇರುವ ಬದಿ. ಅದು ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಗ್ರೀಸ್ ಹಚ್ಚಿ ಮೊದಲ ಮೂರು ನಾಲ್ಕು ಸುತ್ತು ಬರಿಗೈಯಲ್ಲೇ ತಿರುಗಿಸಿ. ಕೈಗೆ ಬಿಗಿ ಅನ್ನಿಸಿದರೆ ಥ್ರೆಡ್ ಓರೆಯಾಗಿ ಹಿಡಿದಿದೆ ಎಂದೇ ಅರ್ಥ, ಬಿಚ್ಚಿ ಮತ್ತೆ ಕೂರಿಸಿ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಫ್ರೇಮೇ ಹೋಗುತ್ತದೆ.

ಒಂದು ಟಾರ್ಕ್ ರೆಂಚ್ ಕೊಳ್ಳಿ. ಸ್ಟೆಮ್ಮಿನ ಬೋಲ್ಟಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಶಿಮಾನೊ ಕ್ರ್ಯಾಂಕಿನ ಎರಡು ಬೋಲ್ಟಿಗೆ 12ರಿಂದ 14, ಕ್ಯಾಸೆಟ್ ಲಾಕ್‌ರಿಂಗಿಗೆ 40. ಭಾಗದ ಮೇಲೇ ಸಂಖ್ಯೆ ಬರೆದಿದ್ದರೆ ಅದೇ ಕಾನೂನು.

ಫೋರ್ಕಿಗೆ ಗಾಳಿ ಹೊಡೆಯಲು ಬೇರೆ ಚಿಕ್ಕ ಪಂಪ್ ಬೇಕು. ಸೈಕಲ್ ಹತ್ತಿ ನಿಂತರೆ ಒಟ್ಟು ಕುಗ್ಗುವಿಕೆಯ ಶೇ 20ರಷ್ಟು ಕುಗ್ಗಲಿ, 100 ಮಿ.ಮೀ ಫೋರ್ಕಿನಲ್ಲಿ 2 ಸೆಂ.ಮೀ. ಅಲ್ಲಿಂದ ಹೆಚ್ಚುಕಡಿಮೆ ಮಾಡುತ್ತಾ ಹೋಗಿ.

ಮೊದಲ ಸವಾರಿ ಮನೆ ಹತ್ತಿರವೇ ಇರಲಿ, ಜೇಬಿನಲ್ಲಿ ಆಲನ್ ಕೀ ಇರಲಿ. ಹೊಸ ಕೇಬಲ್ ಕೂತುಕೊಳ್ಳುವಾಗ ಗೇರು ತಪ್ಪುತ್ತದೆ, ಶಿಫ್ಟರ್ ಹತ್ತಿರದ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಹೊಸ ಬ್ರೇಕ್ ಪ್ಯಾಡ್ ಮೊದಲಿಗೆ ಹಿಡಿಯುವುದೇ ಇಲ್ಲ. ಸಮತಟ್ಟು ರಸ್ತೆಯಲ್ಲಿ ಇಪ್ಪತ್ತು ಸಲ ಜೋರಾಗಿ ಹೋಗಿ, ನಿಲ್ಲುವ ಮಟ್ಟಕ್ಕೆ ತಂದು ಬಿಡಿ. ಆಮೇಲೆ ಇಳಿಜಾರಿಗೆ ಹೋಗಿ. ಒಂದೆರಡು ವಾರ ಓಡಿಸಿದ ಮೇಲೆ ರಿಮ್ ಕಟ್ಟಿದವರ ಹತ್ತಿರ ಚಕ್ರ ತೆಗೆದುಕೊಂಡು ಹೋಗಿ ಕಡ್ಡಿಗಳ ಎಳೆತ ಇನ್ನೊಮ್ಮೆ ನೋಡಿಸಿ. ಒಳ್ಳೆಯ ಮೆಕ್ಯಾನಿಕ್ ಅದಕ್ಕೆ ದುಡ್ಡು ಕೇಳುವುದಿಲ್ಲ.